ಅಮೆರಿಕದಲ್ಲಿ ವೀಸಾ ಕಳೆದುಕೊಂಡ ಮನೆಯ ಮಕ್ಕಳು ಡಿಗ್ರಿ ಓದೋದು ಹೇಗೆ?

ತಿಪಟೂರು_ಕೊಬ್ಬರಿ
ಎಲ್ಲರಿಗೂ ನಮಸ್ಕಾರ. ನಮ್ಮ ತುಮಕೂರು ಸೀಮೆಯಿಂದ ಅಮೆರಿಕಕ್ಕೆ ಹೋದವರ ಪೈಕಿ ಎಲ್ಲರ ಪೇಪರ್ರೂ ಸರಿಯಾಗಿಲ್ಲ. ಊರ ಹಬ್ಬಕ್ಕೆ ಯಾಕೆ ಬರಲಿಲ್ಲ ಅಂತ ಕೇಳಿದ್ರೆ ರಜ ಸಿಗಲಿಲ್ಲ ಅಂತಾರೆ, ಅಷ್ಟೆ.

ಒಂದು ಕೇಸ್ ಇಟ್ಕೊಂಡು ಕೇಳ್ತೀನಿ, ಹೆಸರು ಬೇಡ. ಅಪ್ಪನ ಎಚ್-1ಬಿ (ಕೆಲಸದ ವೀಸಾ) ಜೊತೆ 8ನೇ ವಯಸ್ಸಿಗೆ ಎಚ್-4ನಲ್ಲಿ (ಕುಟುಂಬದವರ ವೀಸಾ) ಹೋದ ಹುಡುಗಿ. ಅಪ್ಪನ ಕೆಲಸ ಹೋಯ್ತು, 60 ದಿನದ ಗಡುವು ಮುಗೀತು, ಎಷ್ಟು ದಿನ ಇರಬಹುದು ಅಂತ ಹೇಳೋ ಐ-94 ದಾಖಲೆಯ ತಾರೀಕೂ ದಾಟಿತು, ಮನೆಯವರು ವಾಪಸ್ ಬರಲಿಲ್ಲ. ಈಗ ಜಾರ್ಜಿಯಾದಲ್ಲಿ 12ನೇ ಗ್ರೇಡ್, ವಯಸ್ಸು 17 ದಾಟಿದೆ, ಮಾರ್ಕ್ಸ್ ಒಳ್ಳೇದಿದೆ. ಕಾಲೇಜಿಗೆ ಅರ್ಜಿ ಹಾಕೋದೇ ತಪ್ಪಾಗುತ್ತಾ? ಫೀಸಿಗೆ ಸಹಾಯ ಸಿಗುತ್ತಾ? ಅಜ್ಜ ಇಲ್ಲಿಂದ ತೋಟ ಮಾರಿ ದುಡ್ಡು ಕಳಿಸ್ತೀನಿ ಅಂತ ಕೂತವ್ರೆ, ಅದು ನಡೆಯುತ್ತಾ? ಉಪದೇಶ ಬೇಡ, ಗೊತ್ತಿರೋರು ಬರೀರಿ.

ಶಿರಾ_ಗೇಟ್
ಉಪದೇಶ ಬೇಡ ಅಂದ್ರೆ ಹೆಂಗೆ ಸ್ವಾಮಿ? ವೀಸಾ ಮುಗಿದ ಮೇಲೆ ಗಂಟುಮೂಟೆ ಕಟ್ಕೊಂಡು ಬರಬೇಕಿತ್ತು. ಈಗಲೂ ಬಂದು ಸಿಇಟಿ ಬರೀಲಿ, ಸೀಟ್ ಸಿಗುತ್ತೆ.

ಮುಳಬಾಗಿಲು_ಗಡಿ
ಶಿರಾ ಅಣ್ಣ, ಸಿಇಟಿ ಅಂದ್ರಲ್ಲ, 7 ವರ್ಷದ ಕಲಂ ಮರೆತ್ರಾ? ಕರ್ನಾಟಕದಲ್ಲಿ 7 ವರ್ಷ ಓದಿರಬೇಕು, ಎಸ್ಸೆಸ್ಸೆಲ್ಸಿ ಇಲ್ಲಾ ಪಿಯು ಇಲ್ಲೇ ಪಾಸಾಗಿರಬೇಕು. ಅಪ್ಪ ಅಮ್ಮ ಇಲ್ಲಿ 7 ವರ್ಷ ಓದಿದ್ರೆ ಇನ್ನೊಂದು ಕಲಂ ಐತೆ, ಅದಕ್ಕೂ ಮಗು ಎರಡು ವರ್ಷದ ಪಿಯು ಇಲ್ಲೇ ಮುಗಿಸಿರಬೇಕು. ಕುಪ್ಪಂ, ಪಲಮನೇರಿನಲ್ಲಿ ಓದಿ ಬಂದ ನಮ್ಮ ಗಡಿ ಹುಡುಗ್ರೇ ಸರ್ಕಾರಿ ಸೀಟಿಗೆ ಒದ್ದಾಡ್ತಾವೆ. 8 ವರ್ಷಕ್ಕೆ ಊರು ಬಿಟ್ಟ ಹುಡುಗಿಗೆ ಯಾರು ಕೊಡ್ತಾರೆ?

ಕೈವಾರ_ಅಕ್ಕ
ಮೊದಲ ಪ್ರಶ್ನೆಗೆ ಉತ್ತರ: ಅರ್ಜಿ ಹಾಕೋದು ಅಪರಾಧ ಅಲ್ಲ. ದಾಖಲೆ ಇಲ್ಲದವರನ್ನ ಕಾಲೇಜಿಗೆ ಸೇರಿಸ್ಕೋಬಾರದು ಅಂತ ಅಮೆರಿಕದ ಕೇಂದ್ರ ಕಾನೂನು ಯಾವುದೂ ಹೇಳಲ್ಲ. 12ನೇ ಗ್ರೇಡ್‌ವರೆಗಿನ ಸರ್ಕಾರಿ ಶಾಲೆಯನ್ನ ತಡೆಯೋ ಹಾಗಿಲ್ಲ ಅಂತ 1982ರಲ್ಲೇ ಪ್ಲೈಲರ್ ವರ್ಸಸ್ ಡೋ ಕೇಸಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತೀರ್ಪು ಕೊಟ್ಟಿದೆ. ಆ ರಕ್ಷಣೆ ಹೈಸ್ಕೂಲ್ ಬಾಗಿಲಿಗೆ ಮುಗಿಯುತ್ತೆ. ಅಲ್ಲಿಂದಾಚೆ ಒಂದೊಂದು ರಾಜ್ಯಕ್ಕೆ ಒಂದೊಂದು ನ್ಯಾಯ.

ನಿಮ್ಮ ಕೇಸಿನ ದುರದೃಷ್ಟ ಏನಂದ್ರೆ ಜಾರ್ಜಿಯಾ ಕಷ್ಟದ ರಾಜ್ಯಗಳಲ್ಲಿ ಒಂದು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳನ್ನ ನಡೆಸೋ ರೀಜೆಂಟ್ಸ್ ಮಂಡಳಿಯ ನಿಯಮದ ಪ್ರಕಾರ ಯೂನಿವರ್ಸಿಟಿ ಆಫ್ ಜಾರ್ಜಿಯಾ, ಜಾರ್ಜಿಯಾ ಟೆಕ್ ಥರದ, ಅರ್ಹರಿಗೂ ಸೀಟ್ ಸಾಲದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಕಾನೂನುಬದ್ಧ ವಾಸ ಇಲ್ಲದವರು ಸೇರೋ ಹಾಗೇ ಇಲ್ಲ. ಮಿಕ್ಕ ಸರ್ಕಾರಿ ಕಾಲೇಜುಗಳು ಸೇರಿಸ್ಕೊಳ್ತವೆ, ಆದ್ರೆ ಹೊರರಾಜ್ಯದವರ ಫೀಸು. ಸೌತ್ ಕೆರೊಲೈನಾ 2008ರಲ್ಲಿ, ಅಲಬಾಮಾ 2011ರಲ್ಲಿ ಸರ್ಕಾರಿ ಕಾಲೇಜಿಗೇ ಬೇಲಿ ಹಾಕಿದವು. ಜಾರ್ಜಿಯಾದ ನಿಷೇಧದ ಎದುರಾಗಿಯೇ ಅದೇ ರಾಜ್ಯದ ಅಥೆನ್ಸ್ ಊರಲ್ಲಿ 2011ರಲ್ಲಿ ಫ್ರೀಡಂ ಯೂನಿವರ್ಸಿಟಿ ಅಂತ ಶುರುವಾಯ್ತು, ಆಮೇಲೆ ಅಟ್ಲಾಂಟಾಕ್ಕೆ ಬಂತು. ಡಿಗ್ರಿ ಕೊಡಲ್ಲ, ಪುಕ್ಕಟೆ ಪಾಠ, ಜೊತೆಗೆ ಬೇರೆ ರಾಜ್ಯದ ಕಾಲೇಜಿಗೆ ಅರ್ಜಿ ಹಾಕೋಕೆ ಸಹಾಯ. ಆ ಹುಡುಗಿ ಮೊದಲು ವಿಚಾರಿಸಬೇಕಾದ ಜಾಗ ಅದು.

ಕುಣಿಗಲ್_ಕೆರೆ
ಹಾಗಾದ್ರೆ ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಮನೆ ಬದಲಾಯಿಸಿದ್ರೆ ಆಯ್ತಲ್ಲ? ಅಲ್ಲಿ ರಾಜ್ಯದವರ ಫೀಸೇ ಹಾಕ್ತಾರಂತೆ.

ಕೈವಾರ_ಅಕ್ಕ
12ನೇ ಗ್ರೇಡಲ್ಲಿ ಮನೆ ಬದಲಾಯಿಸಿದ್ರೆ ಏನೂ ಪ್ರಯೋಜನ ಇಲ್ಲ. ನ್ಯೂಜೆರ್ಸಿಯಲ್ಲಿ ಅದೇ ರಾಜ್ಯದ ಹೈಸ್ಕೂಲಲ್ಲಿ 3 ವರ್ಷ ಓದಿ ಪಾಸಾಗಿರಬೇಕು. ಕ್ಯಾಲಿಫೋರ್ನಿಯಾದ ಎಬಿ 540 ಅನ್ನೋ ಫೀಸಿನ ಕಾನೂನು ಕೂಡ 2001ರಿಂದ ಹೆಚ್ಚುಕಮ್ಮಿ ಇದೇ ಲೆಕ್ಕ, ಆಮೇಲೆ ಅಡಲ್ಟ್ ಸ್ಕೂಲು, ಕಮ್ಯೂನಿಟಿ ಕಾಲೇಜಿನ ವರ್ಷಗಳನ್ನೂ ಸೇರಿಸ್ಕೊಂಡ್ರು. ನ್ಯೂಯಾರ್ಕಲ್ಲಿ 2 ವರ್ಷ ಓದಿ, ಪಾಸಾಗಿ, 5 ವರ್ಷದೊಳಗೆ ಕಾಲೇಜಿಗೆ ಅರ್ಜಿ ಹಾಕಿರಬೇಕು.

ವಾಸದ ಬದಲು ಶಾಲೆಯನ್ನ ಯಾಕೆ ಲೆಕ್ಕ ಹಿಡಿದ್ರು ಅಂತೀರಾ? 1996ರ ಕೇಂದ್ರ ಕಾನೂನು, ದಾಖಲೆ ಇಲ್ಲದವರಿಗೆ ವಾಸದ ಆಧಾರದ ಮೇಲೆ ಕಾಲೇಜು ರಿಯಾಯಿತಿ ಕೊಟ್ರೆ ಅದನ್ನ ಎಲ್ಲಾ ರಾಜ್ಯದ ನಾಗರಿಕರಿಗೂ ಕೊಡಿ ಅನ್ನುತ್ತೆ. ಅದಕ್ಕೇ ರಾಜ್ಯಗಳು ವಾಸದ ಮಾತೇ ಎತ್ತದೆ, ನಮ್ಮ ಹೈಸ್ಕೂಲಲ್ಲಿ ಇಷ್ಟು ವರ್ಷ ಓದಿದವರು ಅಂತ ಬರೆದ್ವು. ಮುಳಬಾಗಿಲು ಅವರು ಹೇಳಿದ ನಮ್ಮ 7 ವರ್ಷದ ಕಲಮಿನ ಅಣ್ಣತಮ್ಮನೇ ಇದು.

ಪಾವಗಡ_ಬಿಸಿಲು
ಟೆಕ್ಸಾಸ್ ಆಗುತ್ತೆ ಅಂತ ಕೇಳಿದ್ದೆ. ಮೊದಲು ಶುರು ಮಾಡಿದ್ದೇ ಅವರು.

ಮಧುಗಿರಿ_ಏಕಶಿಲೆ
ಮಾಡಿದ್ರು, 2001ರಲ್ಲಿ. ಮುಗಿದ ಕಥೆ. 2025ರ ಜೂನ್ 4ರಂದು ಕೇಂದ್ರ ಸರ್ಕಾರ ಕೇಸ್ ಹಾಕ್ತು, ಟೆಕ್ಸಾಸ್ ಸರ್ಕಾರ ಎದುರು ವಾದವನ್ನೇ ಮಾಡದೆ ಅವತ್ತೇ ಒಪ್ಕೊಂಡು ಆದೇಶ ಬಂತು. ಫ್ಲೋರಿಡಾ ತನ್ನ ಕಾನೂನನ್ನ ತಾನೇ ರದ್ದು ಮಾಡ್ಕೊಂಡು 2025ರ ಜುಲೈ 1ರಿಂದ ನಿಲ್ಲಿಸ್ತು. ಕೆಂಟಕಿ, ಮಿನ್ನೆಸೋಟ, ಒಕ್ಲಹೋಮ, ಇಲಿನಾಯ್ಸ್ ಮೇಲೂ ಅದೇ ವರ್ಷ ಕೇಸ್ ಬಿತ್ತು. ಅದಕ್ಕೆ ಹಳೇ ವಿಡಿಯೋ ನೋಡ್ಕೊಂಡು ತೀರ್ಮಾನ ಮಾಡಬೇಡಿ, ಎರಡು ವರ್ಷದ ಹಿಂದಿನದ್ದು ಈಗ ಸುಳ್ಳಾಗಿರುತ್ತೆ.

ಫೀಸಿನ ಅಂತರ ಚಿಲ್ಲರೆ ಅಂದ್ಕೋಬೇಡಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಹೊರರಾಜ್ಯದವರು ಮೇಲಿಂದ ಕೊಡಬೇಕಾದ್ದೇ ಹೊಸಬರಿಗೆ ವರ್ಷಕ್ಕೆ 37 ಸಾವಿರ ಡಾಲರ್ ದಾಟಿದೆ. ಅದೇ ರಾಜ್ಯದ ಕಮ್ಯೂನಿಟಿ ಕಾಲೇಜಲ್ಲಿ ರಾಜ್ಯದವರಿಗೆ ಯೂನಿಟ್ಟಿಗೆ 46 ಡಾಲರ್. ಎಬಿ 540 ಸಿಕ್ಕವರು ಎರಡು ವರ್ಷ ಅಲ್ಲಿ 60 ಯೂನಿಟ್ ಮುಗಿಸಿ ಆಮೇಲೆ ದೊಡ್ಡ ಕಾಲೇಜಿಗೆ ವರ್ಗ ಆಗೋದು ಈ ಕಾರಣಕ್ಕೆ.

ಶಿರಾ_ಗೇಟ್
ನಮ್ಮ ದೇಶದಲ್ಲಿ ಯಾರಾದ್ರೂ ಹಿಂಗೆ ಬಂದು ಕೂತ್ರೆ ನೀವೇ ಬೊಬ್ಬೆ ಹೊಡೀತೀರಿ. ಅಲ್ಲಿ ನಮ್ಮವರು ಕೂತ್ರೆ ಮಾತ್ರ ಫಾರ್ಮ್ ತುಂಬೋದು ಹೇಳಿಕೊಡ್ತೀರಿ.

ಕೈವಾರ_ಅಕ್ಕ
ತೀರ್ಮಾನ ಮಾಡಿದ್ದು ಅಪ್ಪ ಅಮ್ಮ. ಹುಡುಗಿಗೆ ಆಗ ವೀಸಾ ಅಂದ್ರೆ ಏನು ಅಂತಲೂ ಗೊತ್ತಿರಲಿಲ್ಲ. ಫಾರ್ಮ್ ತಪ್ಪು ತುಂಬಿದ್ರೆ ಶಿಕ್ಷೆ ಮಾತ್ರ ಅವಳಿಗೇ.

ಶಿರಾ_ಗೇಟ್
ಅದು ಅಪ್ಪ ಅಮ್ಮನ್ನ ಕೇಳಬೇಕಾದ ಮಾತು. ಒಪ್ಪಲ್ಲ ನಾನು. ಮುಂದುವರಿಸಿ.

ಕೈವಾರ_ಅಕ್ಕ
ಸರಿ, ಫಾರ್ಮಿಗೇ ಬರೋಣ. ಹಲವು ಕಾಲೇಜಿಗೆ ಒಟ್ಟಿಗೆ ಹಾಕೋ ಅರ್ಜಿ ಕಾಮನ್ ಆ್ಯಪ್‌ನಲ್ಲಿ ಪೌರತ್ವದ ಪ್ರಶ್ನೆ ಇರುತ್ತೆ. ಅಲ್ಲಿ ಭಾರತ ಅಂತ ಇದ್ದದ್ದನ್ನೇ ಬರೀಬೇಕು, ವೀಸಾ ಕೇಳಿದ್ರೆ ಇಲ್ಲ ಅಂತ. ಸೋಷಿಯಲ್ ಸೆಕ್ಯುರಿಟಿ ನಂಬರ್ ಜಾಗ ಖಾಲಿ ಬಿಡಿ, ಅದು ಕಡ್ಡಾಯ ಅಲ್ಲ. ಯಾರದ್ದೋ ನಂಬರ್, ಕಟ್ಟಿದ ನಂಬರ್ ಹಾಕೋದು ನಿಜವಾದ ಅಪರಾಧ. ಕೆಲವು ಕಾಲೇಜಿನವರು ಗೊತ್ತಿಲ್ಲದೆ ಬ್ಯಾಂಕ್ ಬ್ಯಾಲೆನ್ಸ್ ತೋರಿಸೋ ಹಣಕಾಸು ಪತ್ರ ಕೇಳ್ತಾರೆ. ಅದು ಐ-20 ಅನ್ನೋ ಕಾಲೇಜಿನ ಪತ್ರ ಕೊಡೋಕೆ, ಅಂದ್ರೆ ಎಫ್-1 ವಿದ್ಯಾರ್ಥಿ ವೀಸಾದವರಿಗೆ. ದೇಶದೊಳಗೇ ಇರೋ, ವೀಸಾ ಇಲ್ಲದ ವಿದ್ಯಾರ್ಥಿಗೆ ಆ ಪತ್ರ ಬೇಡ. ಅಡ್ಮಿಷನ್ ಆಫೀಸಿಗೆ ಮೇಲ್ ಹಾಕಿ ತೆಗೆಸ್ಬಹುದು.

ಇನ್ನು ಫ್ಯಾಫ್ಸಾ. ಕೇಂದ್ರ ಸರ್ಕಾರದ ನೆರವಿನ ಅರ್ಜಿ ಇದು. ದಾಖಲೆ ಇಲ್ಲದವರಿಗೆ ಪೆಲ್ ಗ್ರ್ಯಾಂಟ್ (ಕೇಂದ್ರದ ಧನಸಹಾಯ) ಇಲ್ಲ, ಕೇಂದ್ರದ ಸಾಲ ಇಲ್ಲ, ವರ್ಕ್ ಸ್ಟಡಿ (ಓದ್ತಾ ದುಡಿಯೋ ಕೆಲಸ) ಇಲ್ಲ. ತುಂಬಲೇಬೇಡಿ. ಅಮೆರಿಕದಲ್ಲೇ ಹುಟ್ಟಿದ ತಂಗಿಯೋ ತಮ್ಮನೋ ಇದ್ರೆ ಅವರು ತುಂಬಬಹುದು, ಅಪ್ಪ ಅಮ್ಮನ ದಾಖಲೆ ಅಡ್ಡ ಬರಲ್ಲ. ಆದ್ರೆ ಆ ಫಾರ್ಮ್ ಹೋಗೋದು ಕೇಂದ್ರ ಸರ್ಕಾರಕ್ಕೆ, ಅದನ್ನ ತಲೇಲಿಟ್ಕೊಂಡು ಮನೆಯವರು ತೀರ್ಮಾನ ಮಾಡಬೇಕು.

ರಾಜ್ಯದ ನೆರವಿಗೆ ಫಾರ್ಮೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಡ್ರೀಮ್ ಆ್ಯಕ್ಟ್ ಅರ್ಜಿ, ವಾಷಿಂಗ್ಟನ್ ರಾಜ್ಯದಲ್ಲಿ ವಾಸ್ಫಾ. ಜಾರ್ಜಿಯಾದಲ್ಲಿ ಇಂಥದ್ದೇನೂ ಇಲ್ಲ.

ಮಧುಗಿರಿ_ಏಕಶಿಲೆ
ಅಕ್ಕ ಹೇಳಿದ್ದರ ಜೊತೆಗೆ ಇದನ್ನ ಮನೆ ಗೋಡೆ ಮೇಲೆ ಬರೆದಿಟ್ಕೊಳ್ಳಿ: ಯಾವ ಫಾರ್ಮಲ್ಲೂ ಅಮೆರಿಕದ ಪ್ರಜೆ ಅನ್ನೋ ಚೌಕಕ್ಕೆ ಟಿಕ್ ಹಾಕಬಾರದು. ಕೆಲಸಕ್ಕೆ ಸೇರುವಾಗಿನ ಐ-9, ಲೈಸೆನ್ಸ್ ಆಫೀಸಲ್ಲಿ ಬರೋ ಮತದಾರರ ನೋಂದಣಿ, ಯಾವುದೇ ಇರಲಿ. ಸರ್ಕಾರಿ ಸೌಲಭ್ಯಕ್ಕೋ ಕೆಲಸಕ್ಕೋ ಪ್ರಜೆ ಅಂತ ಸುಳ್ಳು ಹೇಳಿದ್ರೆ ಗ್ರೀನ್ ಕಾರ್ಡಿನ ದಾರಿ ಕಾಯಂ ಮುಚ್ಚಿಹೋಗುತ್ತೆ. ಮುಂದೆ ಅಲ್ಲಿನ ಪ್ರಜೆಯನ್ನೇ ಮದುವೆಯಾದ್ರೂ ತೆರೆಯಲ್ಲ. ಅವಧಿ ಮೀರಿ ಉಳಿದದ್ದಕ್ಕಾದ್ರೂ ಪರಿಹಾರ ಹುಡುಕಬಹುದು, ಈ ಟಿಕ್ಕಿಗೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಕೆಜಿಎಫ್_ಐದುಲೈಟ್
ಚಿಕ್ಕಂದಿನಲ್ಲಿ ಬಂದ, ದಾಖಲೆ ಇಲ್ಲದವರನ್ನ ಗಡೀಪಾರು ಮಾಡದಿರೋಕೆ ಒಬಾಮಾ ತಂದ ಡಾಕಾ ಇದೆಯಲ್ಲ ಗುರು? ಕೆಲಸದ ಪರ್ಮಿಟ್ಟೂ ಕೊಡ್ತಾರೆ.

ಮಧುಗಿರಿ_ಏಕಶಿಲೆ
2012ರದ್ದು ಅದು. 2007ರ ಜೂನ್ 15ಕ್ಕೆ ಮುಂಚಿನಿಂದ ಅಲ್ಲೇ ಇರಬೇಕು, 16 ತುಂಬೋದರೊಳಗೆ ಹೋಗಿರಬೇಕು. ಈಗ 17ರ ಹುಡುಗಿ 2007ರ ಜೂನಲ್ಲಿ ಹುಟ್ಟೇ ಇರಲಿಲ್ಲ. ಅಲ್ಲದೆ 2012ರ ಜೂನ್ 15ರಂದು ವೀಸಾ ಚಾಲ್ತಿಯಲ್ಲಿದ್ದವರಿಗೂ ಇಲ್ಲ. ಹಳಬರು ಎರಡೆರಡು ವರ್ಷಕ್ಕೆ ನವೀಕರಿಸ್ಕೊಂಡು ಹೋಗ್ತಿದ್ದಾರೆ, ಹೊಸ ಅರ್ಜಿಗೆ 2021ರಿಂದ ಕೋರ್ಟ್ ತಡೆ ಬಿದ್ದಿದೆ. ಈಗ ಕಾಲೇಜು ಸೇರೋ ವಯಸ್ಸಿನವರಿಗೆ ಡಾಕಾ ಅನ್ನೋದನ್ನ ಲೆಕ್ಕದಿಂದಲೇ ತೆಗೆದುಬಿಡಿ.

ಆ ಹುಡುಗಿ ವಿಷಯದಲ್ಲಿ ಎಲ್ಲಕ್ಕಿಂತ ತುರ್ತು ಬೇರೆ ಇದೆ: 18ನೇ ಹುಟ್ಟುಹಬ್ಬ. 18 ತುಂಬೋವರೆಗೆ ಅಕ್ರಮ ವಾಸದ ದಿನಗಳು ಅವಳ ಲೆಕ್ಕಕ್ಕೆ ಸೇರಲ್ಲ. 18 ತುಂಬಿದ ಮಾರನೇ ದಿನದಿಂದ ಮೀಟರ್ ಓಡುತ್ತೆ. 180 ದಿನ ದಾಟಿಸಿ ದೇಶ ಬಿಟ್ರೆ 3 ವರ್ಷ ಒಳಗೆ ಬರೋ ಹಾಗಿಲ್ಲ. ಒಂದು ವರ್ಷ ಆಗಿಬಿಟ್ರೆ 10 ವರ್ಷ. ಅಂದ್ರೆ 18 ತುಂಬಿ 180 ದಿನ ಆಗೋದರೊಳಗೆ ಮನೆಯವರು ಕೂತು ತೀರ್ಮಾನ ಮಾಡಬೇಕು, ಅಲ್ಲೇ ಉಳಿದು ಓದೋದಾ, ಇಲ್ಲಾ ಹೊರಟು ಬರೋದಾ. ಅಜ್ಜಿಗೆ ಹುಷಾರಿಲ್ಲ ಅಂತ 20ನೇ ವಯಸ್ಸಿಗೆ ವಿಮಾನ ಹತ್ತಿದ್ರೆ ಹಿಂದೆ ಬಾಗಿಲು ಹಾಕಿಕೊಳ್ಳುತ್ತೆ. ಈ ತಡೆ ಬೀಳೋದು ದೇಶ ಬಿಟ್ಟಾಗ, ಒಳಗಿದ್ದಾಗ ಅಲ್ಲ. ಇದು ಗೊತ್ತಿಲ್ಲದೆ ಹೊರಟು ಸಿಕ್ಕಿಹಾಕಿಕೊಳ್ಳೋರೇ ಜಾಸ್ತಿ.

ತಿಪಟೂರು_ಕೊಬ್ಬರಿ
ಈ 180 ದಿನದ ವಿಷಯ ಆ ಮನೇಲಿ ಯಾರಿಗೂ ಗೊತ್ತಿಲ್ಲ ಅನ್ಸುತ್ತೆ. ಇವತ್ತೇ ಹೇಳ್ತೀನಿ. ದುಡ್ಡು ಕಳಿಸೋದರ ಬಗ್ಗೆ ಯಾರಾದ್ರೂ?

ಬಿ.ಎಚ್.ರಸ್ತೆ_ಕೌಂಟರ್
ಹೇಳ್ತೀನಿ. ಇಲ್ಲಿರೋರು ಒಬ್ಬೊಬ್ಬರು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸ್ಬಹುದು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ ಅಂತಾರೆ, ಬ್ಯಾಂಕಲ್ಲಿ ಎಲ್‌ಆರ್‌ಎಸ್ ಅಂದ್ರೆ ಸಾಕು. ಪ್ಯಾನ್ ಬೇಕು, ಎ-2 ಫಾರ್ಮ್ ಬೇಕು. ತೊಡಕು ಬರೋದು ಉದ್ದೇಶದ ಕೋಡಲ್ಲಿ. ಓದಿಗೆ ಅಂತ ಬರೆದ್ರೆ ಬ್ಯಾಂಕಿನವರು ಸಾಮಾನ್ಯವಾಗಿ ಐ-20 ಕೇಳ್ತಾರೆ, ಕೆಲವರು ವೀಸಾ ಪ್ರತಿಯನ್ನೂ. ಈ ಹುಡುಗಿ ಹತ್ರ ಎರಡೂ ಇಲ್ಲ. ಕಾಲೇಜಿನ ಪ್ರವೇಶ ಪತ್ರ, ಫೀಸಿನ ಇನ್‌ವಾಯ್ಸ್ ತೋರಿಸಿ ನೇರ ಕಾಲೇಜಿನ ಖಾತೆಗೇ ಕಳಿಸ್ತೀವಿ ಅಂತ ಕೇಳಿ ನೋಡಬಹುದು. ಒಪ್ಪೋದು ಬಿಡೋದು ಬ್ಯಾಂಕಿನ ಕೈಲಿ.

ಒಪ್ಪದಿದ್ರೆ ಹತ್ತಿರದ ಸಂಬಂಧಿಕರ ನಿರ್ವಹಣೆ ಅನ್ನೋ ಕೋಡಲ್ಲಿ ಅಲ್ಲಿರೋ ಮಗನ ಖಾತೆಗೆ. ಇಲ್ಲಿ ಮೂಲದಲ್ಲೇ ತೆರಿಗೆ ಹಿಡಿಯೋ ಟಿಸಿಎಸ್ ನೋಡ್ಕೊಳ್ಳಿ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಏನೂ ಹಿಡಿಯಲ್ಲ. ಅದರ ಮೇಲಿನದಕ್ಕೆ ಓದಿನ ಬಾಬ್ತಿಗಿಂತ ನಿರ್ವಹಣೆ ಬಾಬ್ತಿಗೆ ದರ ಬಹಳ ಜಾಸ್ತಿ, 20 ಪರ್ಸೆಂಟ್. ರಿಟರ್ನ್ ಹಾಕಿದ್ರೆ ವಾಪಸ್ ಬರುತ್ತೆ ನಿಜ, ಆದ್ರೆ ಅಷ್ಟು ತಿಂಗಳು ದುಡ್ಡು ಸಿಕ್ಕಿಹಾಕಿಕೊಂಡಿರುತ್ತೆ. ಅಜ್ಜ ಅಜ್ಜಿ ಇಬ್ಬರ ಪ್ಯಾನಿಂದ ಹಂಚಿ ಕಳಿಸಿದ್ರೆ ಇಬ್ಬರಿಗೂ 10 ಲಕ್ಷದ ಮಿತಿ ಬೇರೆಬೇರೆ. ಅಜ್ಜಿ ಖಾತೆಯಲ್ಲಿರೋ ದುಡ್ಡು ಅಜ್ಜಿದೇ ಆಗಿರಬೇಕು ಅಷ್ಟೆ. ಶಿಕ್ಷಣ ಸಾಲದ ಆಸೆ ಬಿಡಿ, ವೀಸಾ ಇಲ್ಲದ ಫೈಲ್ ಮ್ಯಾನೇಜರ್ ಮೇಜಿನಿಂದ ಮುಂದೆ ಹೋಗಲ್ಲ.

ಹವಾಲಾದಲ್ಲಿ ಕಳಿಸ್ತೀವಿ ಅಂತ ಯಾರಾದ್ರೂ ಬಂದ್ರೆ ಬಾಗಿಲು ಹಾಕಿ.

ಗುಬ್ಬಿ_ವೀರಭದ್ರ
ತೋಟ ಮಾರಬೇಡಿ ಅಂತ ಹೇಳಿ ಸ್ವಾಮಿ ಆ ಅಜ್ಜನಿಗೆ. ಎಳನೀರಿಗೆ ಈಗಿರೋ ರೇಟಲ್ಲಿ ಯಾರು ತೋಟ ಮಾರ್ತಾರೆ?

ಪಾವಗಡ_ಬಿಸಿಲು
ಎಳನೀರು ಬಿಟ್ಟು ಕೊಬ್ಬರಿ ಮಾಡಿದವರ ಗತಿ ಕೇಳಿ ಮೊದಲು. ನುಸಿ ರೋಗ ಬಂದ ತೋಟಕ್ಕೆ ಗಿರಾಕಿ ಸಿಕ್ಕಿದ್ರೆ ಅದೇ ಪುಣ್ಯ.

ನಿರ್ವಾಹಕ
ಕೊಬ್ಬರಿಗೆ ಬೇರೆ ಎಳೆ ಇದೆ, ಅಲ್ಲಿ ಹೋಗಿ. ಇಲ್ಲಿ ಓದಿನ ಮಾತು.

ಕೈವಾರ_ಅಕ್ಕ
ತೋಟ ಮಾರೋ ಮುಂಚೆ ಖಾಸಗಿ ಕಾಲೇಜುಗಳನ್ನ ನೋಡಲೇಬೇಕು. ಅಲ್ಲಿನ ಹೆಸರುವಾಸಿ ಖಾಸಗಿ ವಿಶ್ವವಿದ್ಯಾಲಯಗಳು ತಮ್ಮ ಸ್ವಂತ ನಿಧಿಯಿಂದ ನೆರವು ಕೊಡ್ತವೆ, ಅದಕ್ಕೆ ಕೇಂದ್ರದ ಷರತ್ತಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಥರದವು ಪೌರತ್ವ ನೋಡದೆ ಪ್ರವೇಶ ಕೊಟ್ಟು, ಮನೆಯ ಆದಾಯಕ್ಕೆ ತಕ್ಕಂತೆ ಪೂರ್ತಿ ಕೊರತೆ ತುಂಬ್ತವೆ. ಪೈಪೋಟಿ ಭಯಂಕರ, ಅದು ಬೇರೆ ಮಾತು. ಅದರ ಕೆಳಗಿನ ಹಂತದಲ್ಲಿ ಪ್ರತಿ ಕಾಲೇಜಿಗೂ ಕೇಳಬೇಕಾದ್ದು: ದಾಖಲೆ ಇಲ್ಲದವರನ್ನ ದೇಶದ ವಿದ್ಯಾರ್ಥಿ ಅಂತ ಎಣಿಸ್ತೀರಾ, ವಿದೇಶಿ ಅಂತಲಾ? ದುಡ್ಡು ಬೇಕು ಅಂದ್ರೆ ಪ್ರವೇಶದ ಸಾಧ್ಯತೆ ಕಮ್ಮಿ ಆಗುತ್ತಾ? ಕೊರತೆ ಪೂರ್ತಿ ತುಂಬ್ತೀರಾ, ಅರ್ಧವಾ? ವಿದೇಶಿ ಅಂತ ಎಣಿಸೋ ಕಡೆ ನೆರವಿನ ನಿಧಿ ಸಣ್ಣದಿರುತ್ತೆ.

ಅಲ್ಲಿ ಸಿಎಸ್‌ಎಸ್ ಪ್ರೊಫೈಲ್ ಅಂತ ಆದಾಯದ ಫಾರ್ಮ್ ತುಂಬಬೇಕು. ಅದು ಕಾಲೇಜ್ ಬೋರ್ಡಿನದ್ದು, ಸರ್ಕಾರದ್ದಲ್ಲ. ಅಪ್ಪ ಅಮ್ಮನ ತೆರಿಗೆ ರಿಟರ್ನ್ ಕೇಳ್ತಾರೆ. ರಿಟರ್ನ್ ಇಲ್ಲದೆ ಕೈಗೆ ಕಾಸು ತಗೊಂಡು ದುಡಿಯೋರು ಇಲ್ಲೇ ಎಡವೋದು. ರಿಟರ್ನ್ ಹಾಕಿಲ್ಲ ಅನ್ನೋ ಹೇಳಿಕೆ, ಮಾಲೀಕರ ಪತ್ರ ಕೊಡಬೇಕಾಗುತ್ತೆ. ತಿಪಟೂರಿನ ಅಜ್ಜ ಕಳಿಸೋ ದುಡ್ಡನ್ನೂ ಆ ಫಾರ್ಮಲ್ಲಿ ತೋರಿಸಬೇಕು, ಅಷ್ಟು ನೆರವು ಕಡಿಮೆ ಮಾಡ್ತಾರೆ. ಅದಕ್ಕೇ ಮೊದಲು ನೆರವಿನ ಪತ್ರ ಬರಲಿ, ತೋಟದ ಮಾತು ಆಮೇಲೆ.

ಕುಣಿಗಲ್_ಕೆರೆ
ಸೋಷಿಯಲ್ ನಂಬರ್ ಇಲ್ಲದೆ ರಿಟರ್ನ್ ಹೇಗೆ ಹಾಕ್ತಾರೆ?

ಮಧುಗಿರಿ_ಏಕಶಿಲೆ
ಡಬ್ಲ್ಯೂ-7 ಫಾರ್ಮ್ ತುಂಬಿ ಐಟಿನ್ ತಗೊಂಡು. ತೆರಿಗೆಗೆ ಮಾತ್ರ ಇರೋ ನಂಬರ್ ಅದು, ಕೆಲಸದ ಹಕ್ಕು ಕೊಡಲ್ಲ. ಗುರುತಿಗೆ ಭಾರತದ ಪಾಸ್‌ಪೋರ್ಟ್ ಒಂದೇ ಸಾಕು. ಆದ್ರೆ 2025ರ ಏಪ್ರಿಲಲ್ಲಿ ಅಲ್ಲಿನ ತೆರಿಗೆ ಇಲಾಖೆ, ವಲಸೆ ಜಾರಿ ಇಲಾಖೆ ಐಸ್ ಜೊತೆ ಮಾಹಿತಿ ಹಂಚಿಕೊಳ್ಳೋ ಒಪ್ಪಂದ ಮಾಡ್ಕೊಂಡಿತು, ಕೋರ್ಟಲ್ಲಿ ಅದರ ಮೇಲೆ ಜಗಳ ನಡೀತು. ಹೊಸದಾಗಿ ವಿಳಾಸ ಕೊಟ್ಟು ಐಟಿನ್ ತಗೋಬೇಕಾ ಅನ್ನೋದನ್ನ ವಲಸೆ ವಕೀಲರನ್ನ ಕೇಳಿಯೇ ತೀರ್ಮಾನಿಸಬೇಕು. ನೋಟರಿಗಳನ್ನ ಕೇಳಬೇಡಿ, ಅಲ್ಲಿನ ನೋಟರಿ ವಕೀಲ ಅಲ್ಲ.

ಚಿಂತಾಮಣಿ_ಟೊಮೇಟೊ
ಪಾಸ್‌ಪೋರ್ಟ್ ಅಂದಿದ್ದಕ್ಕೆ ಒಂದು ಮಾತು. ನಮ್ಮ ಕಡೆ ಮಕ್ಕಳ ಹೆಸರಿಗೆ ಮನೆತನದ ಹೆಸರಿರಲ್ಲ, ಬರೀ ಇನಿಷಿಯಲ್. ಪಾಸ್‌ಪೋರ್ಟಲ್ಲಿ ಹೆಸರಿನ ಒಂದು ಖಾನೆ ಖಾಲಿ ಬಿಟ್ಟಿದ್ರೆ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು ಅಂತ ಬೀಳುತ್ತೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಸ್ಕೂಲ್ ದಾಖಲೆಯಲ್ಲಿ ಒಂದು, ಪಾಸ್‌ಪೋರ್ಟಲ್ಲಿ ಒಂದು ಹೆಸರಾಗಿ ಪ್ರವೇಶ ಪರೀಕ್ಷೆ ಸೆಂಟರಲ್ಲೇ ನಿಲ್ಲಿಸ್ತಾರೆ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಸೇರಿಸದೆ ಬಿಟ್ಟಿದ್ರೆ, ನೋಂದಣಿ ಆಗಿ 15 ವರ್ಷದವರೆಗೆ ಸೇರಿಸೋಕೆ ಅವಕಾಶ. ಈ ಹುಡುಗಿಗೆ 17 ದಾಟಿರೋದರಿಂದ ಆ ಗಡುವು ಮುಗಿದಿರಬಹುದು, ಆದ್ರೆ ಚಿಕ್ಕ ಮಕ್ಕಳಿರೋ ಮನೆಗಳಲ್ಲಿ ಇದು ಇಲ್ಲಿರೋ ಅಜ್ಜ ಓಡಾಡಿ ಮಾಡಿಸಬಹುದಾದ ಕೆಲಸ, ತೋಟ ಮಾರೋದಕ್ಕಿಂತ ಸುಲಭ.

ಮಧುಗಿರಿ_ಏಕಶಿಲೆ
ಒಳ್ಳೇ ಮಾತು. ಪಾಸ್‌ಪೋರ್ಟ್ ಚಾಲ್ತಿಯಲ್ಲಿಡೋದು ಬಹಳ ಮುಖ್ಯ. 2025ರ ಮೇ 7ರಿಂದ ಒಳನಾಡಿನ ವಿಮಾನಕ್ಕೂ ರಿಯಲ್ ಐಡಿ (ಕೇಂದ್ರದ ಮಾನದಂಡದ ಗುರುತಿನ ಚೀಟಿ) ಇಲ್ಲಾ ಪಾಸ್‌ಪೋರ್ಟ್ ಕೇಳ್ತಾರೆ. ಹಾಗಂತ ವಿಮಾನ ಹತ್ತೋದು ಕ್ಷೇಮ ಅಂತ ನಾನು ಹೇಳ್ತಿಲ್ಲ.

ಹಳೇ ಪಾಸ್‌ಪೋರ್ಟಿನ ಒಳಬಂದ ಮುದ್ರೆ, ಐ-94 ಪ್ರತಿ ಎರಡನ್ನೂ ಜೋಪಾನ ಮಾಡಿ. ವೀಸಾ ಮೇಲೆ ಒಳಗೆ ಬಂದು ಅವಧಿ ಮೀರಿದವರಿಗೂ, ಗಡಿ ಹಾರಿ ಬಂದವರಿಗೂ ಕಾನೂನಲ್ಲಿ ದೊಡ್ಡ ವ್ಯತ್ಯಾಸ. ಮುಂದೆ ಅಮೆರಿಕದ ಪ್ರಜೆಯನ್ನ ನಿಜವಾಗಿ ಮದುವೆಯಾದ್ರೆ, ವೀಸಾ ಮೇಲೆ ಬಂದವರು ದೇಶ ಬಿಡದೆ ಅಲ್ಲೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು, ಅವಧಿ ಮೀರಿದ್ದು ಅದಕ್ಕೆ ಅಡ್ಡ ಬರಲ್ಲ.

ಕೆಜಿಎಫ್_ಐದುಲೈಟ್
ಸರಿ ಬಿಡು, ಗಂಡು ನೋಡೋಕೆ ಶುರು ಮಾಡಿ 😀

ಮಧುಗಿರಿ_ಏಕಶಿಲೆ
ನಗಬೇಡಿ, ಕಾಸು ಕೊಟ್ಟು ಪೇಪರ್ ಮದುವೆ ಮಾಡಿಸೋ ದಲ್ಲಾಳಿಗಳು ಇದ್ದಾರೆ. ಸಿಕ್ಕಿಬಿದ್ರೆ 5 ವರ್ಷದವರೆಗೆ ಜೈಲು, 2.5 ಲಕ್ಷ ಡಾಲರ್‌ವರೆಗೆ ದಂಡ, ಆಮೇಲೆ ನಿಜವಾದ ಮದುವೆಗೂ ಅರ್ಜಿ ನಡೆಯಲ್ಲ.

ಬಾಗೇಪಲ್ಲಿ_ಗಡಿದಂ
ಬೇರೆ ಥರದ ಪ್ರಶ್ನೆ. ಎಂಎಸ್ ಮಾಡೋಕೆ ಎಫ್-1ನಲ್ಲಿ ಹೋದ ಹುಡುಗ ಫೀಸ್ ಕಟ್ಟೋಕಾಗದೆ ಒಂದು ಸೆಮಿಸ್ಟರ್ ಬಿಟ್ಟುಬಿಟ್ರೆ ಅವನೂ ಇದೇ ಲೆಕ್ಕಕ್ಕೆ ಬರ್ತಾನಾ?

ಕೈವಾರ_ಅಕ್ಕ
ಕಾಲೇಜಿಗೆ ಹೇಳದೆ ಬಿಟ್ರೆ ಬರ್ತಾನೆ. ನೋಂದಣಿ ಇಲ್ಲದಿದ್ರೆ ಕಾಲೇಜಿನ ವಿದೇಶಿ ವಿದ್ಯಾರ್ಥಿ ಅಧಿಕಾರಿ ಸೆವಿಸ್ ಅನ್ನೋ ಸರ್ಕಾರಿ ವ್ಯವಸ್ಥೆಯಲ್ಲಿ ದಾಖಲೆ ಮುಗಿಸಲೇಬೇಕು. ಕಾಯಿಲೆ ಅಂದ್ರೆ ವೈದ್ಯರ ಪತ್ರ ಕೊಟ್ಟು ಕೋರ್ಸ್ ಭಾರ ಇಳಿಸ್ಕೋಬಹುದು, ದುಡ್ಡಿಲ್ಲ ಅನ್ನೋದಕ್ಕೆ ಆ ರಿಯಾಯಿತಿ ಇಲ್ಲ. ಆದ್ರೆ ಬಿಡೋ ಮುಂಚೆ ಹೋಗಿ ಮಾತಾಡಿದ್ರೆ ಕಮ್ಮಿ ಫೀಸಿನ ಕಾಲೇಜಿಗೆ ದಾಖಲೆ ವರ್ಗ ಮಾಡಿಸ್ಕೋಬಹುದು. ದಾಖಲೆ ಮುಗಿದೇ ಹೋಗಿದ್ರೆ 5 ತಿಂಗಳೊಳಗೆ ಐ-539 ಫಾರ್ಮಲ್ಲಿ ವಿದ್ಯಾರ್ಥಿ ಸ್ಥಿತಿಯ ಮರುಸ್ಥಾಪನೆ ಕೇಳಬೇಕು, ಕಾರಣ ಕೈಮೀರಿದ್ದು ಅಂತ ತೋರಿಸಬೇಕು. ಆ ಮಧ್ಯೆ ಪೆಟ್ರೋಲ್ ಬಂಕಲ್ಲಿ ಕದ್ದು ಕೆಲಸ ಮಾಡಿದ್ರೆ ಅರ್ಜಿ ಬಿದ್ದುಹೋಗುತ್ತೆ.

ಮಧುಗಿರಿ_ಏಕಶಿಲೆ
ಇಂಥ ಹುಡುಗರನ್ನೇ ಹಿಡಿಯೋಕೆ ಬಲೆ ಹಾಕ್ತಾರೆ. ಕ್ಲಾಸಿಲ್ಲ, ಫೀಸ್ ಕಟ್ಟಿ ಪೇಪರ್ ಇಟ್ಕೊಳ್ಳಿ ಅನ್ನೋ ಕಾಲೇಜು ಅಂದ್ರೆ ದೂರ ಇರಿ. ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ 2011ರಲ್ಲಿ ಮುಚ್ಚಿದಾಗ ಸಿಕ್ಕಿಬಿದ್ದವರಲ್ಲಿ ಬಹುಪಾಲು ಆಂಧ್ರದ ಹುಡುಗರು, ಕೆಲವರ ಕಾಲಿಗೆ ಟ್ರ್ಯಾಕರ್ ಕಟ್ಟಿದ್ರು. ಮಿಷಿಗನ್ನಿನ ಫಾರ್ಮಿಂಗ್ಟನ್ ಅಂತೂ ಸರ್ಕಾರವೇ ತೆರೆದ ಸುಳ್ಳು ವಿಶ್ವವಿದ್ಯಾಲಯ. 2019ರ ಜನವರಿಯಲ್ಲಿ ಹಿಡಿದ 130 ವಿದ್ಯಾರ್ಥಿಗಳಲ್ಲಿ 129 ಜನ ನಮ್ಮ ದೇಶದವರು.

ಕುಣಿಗಲ್_ಕೆರೆ
ಪೇಪರ್ ಎಲ್ಲಾ ಸರಿ ಇರೋ ಎಚ್-4 ಮಕ್ಕಳ ಕಥೆ? ಗ್ರೀನ್ ಕಾರ್ಡ್ ಸಾಲಲ್ಲಿ ನಿಂತೇ ಇರೋ ಮನೆಗಳು ಎಷ್ಟೋ ಇವೆ.

ಮಧುಗಿರಿ_ಏಕಶಿಲೆ
21 ತುಂಬಿದ ದಿನ ಎಚ್-4 ಮುಗಿಯುತ್ತೆ. ಅದಕ್ಕೆ ಮುಂಚೆ ಎಫ್-1ಗೆ ಬದಲಿಸೋ ಐ-539 ಅರ್ಜಿ ಒಳಗೆ ಹೋಗಿರಬೇಕು. ಕಾಲೇಜಿಂದ ಐ-20, 350 ಡಾಲರ್ ಸೆವಿಸ್ ಫೀಸು ಮೊದಲು. ತಿಂಗಳುಗಟ್ಟಲೆ ಹಿಡಿಯುತ್ತೆ, 20ನೇ ಹುಟ್ಟುಹಬ್ಬಕ್ಕೇ ಶುರು ಮಾಡಿ. ಗ್ರೀನ್ ಕಾರ್ಡಿಗೆ ವಯಸ್ಸಿನ ಲೆಕ್ಕ ಹಾಕುವಾಗ ಅಪ್ಪನ ಕಂಪನಿ ಹಾಕಿದ ಐ-140 ಅರ್ಜಿ ಎಷ್ಟು ದಿನ ಬಾಕಿ ಇತ್ತೋ ಅಷ್ಟು ಕಳೀತಾರೆ. ಆದ್ರೆ 2025ರ ಆಗಸ್ಟ್ 15ರಿಂದ, ಸರದಿ ಎಲ್ಲಿಗೆ ಬಂತು ಅಂತ ತಿಂಗಳು ತಿಂಗಳು ಹೇಳೋ ವೀಸಾ ಬುಲೆಟಿನ್ನಿನ ಅಂತಿಮ ಕ್ರಮದ ಪಟ್ಟಿಯನ್ನೇ ಹಿಡಿತಾರೆ, ಅರ್ಜಿ ಹಾಕೋ ಪಟ್ಟಿಯನ್ನಲ್ಲ. ಅದರಿಂದ ಇನ್ನಷ್ಟು ಮಕ್ಕಳು ಸಾಲಿನಿಂದ ಆಚೆ ಬಿದ್ರು. ಎಫ್-1ಗೆ ಹೋದ ಮೇಲೆ ಸಾಮಾನ್ಯವಾಗಿ ರಾಜ್ಯದವರ ಫೀಸೂ ಹೋಗುತ್ತೆ.

ಶಿರಾ_ಗೇಟ್
ಡಿಗ್ರಿ ಮುಗಿದ ಮೇಲೆ ಏನ್ಮಾಡ್ತಾಳೆ ಅಂತ ಯಾರೂ ಹೇಳಲಿಲ್ಲ. ಕೆಲಸಕ್ಕೆ ಬಿಡ್ತಾರಾ?

ಕೈವಾರ_ಅಕ್ಕ
ಈ ಪ್ರಶ್ನೆ ಸರಿಯಾಗಿದೆ, ಅಣ್ಣ. ಬಿಡಲ್ಲ. ಓಪಿಟಿ, ಅಂದ್ರೆ ಓದಿನ ನಂತರ ಕೆಲಸ ಮಾಡೋ ಪರವಾನಗಿ, ಎಫ್-1ನವರಿಗೆ ಮಾತ್ರ. ಐ-9 ಇರೋ ಯಾವ ಕೆಲಸಕ್ಕೂ ಸೇರೋಕಾಗಲ್ಲ. ಪಿಎಚ್‌ಡಿಗೆ ಹೋದ್ರೂ ಪಾಠ ಮಾಡೋ ಅಸಿಸ್ಟೆಂಟ್‌ಶಿಪ್ ಸಂಬಳ ಅಂತ ಎಣಿಕೆ, ಸಿಗಲ್ಲ; ಕೆಲಸದ ಷರತ್ತಿಲ್ಲದ ಫೆಲೋಶಿಪ್ ಆದ್ರೆ ಸಿಗಬಹುದು. ಅದಕ್ಕೇ ಕೋರ್ಸ್ ಆರಿಸುವಾಗಲೇ ನೋಡಬೇಕು. ನರ್ಸಿಂಗ್, ಟೀಚಿಂಗ್ ಥರ ಲೈಸೆನ್ಸ್ ಬೇಕಾದ್ದರಲ್ಲಿ ಕೊನೇ ವರ್ಷ ಆಸ್ಪತ್ರೆ, ಶಾಲೆಯಲ್ಲಿ ತರಬೇತಿಗೆ ಹಿನ್ನೆಲೆ ಪರಿಶೀಲನೆ ಇರುತ್ತೆ, ಅಲ್ಲೇ ನಿಂತುಹೋಗೋ ಅಪಾಯ. ಲೈಸೆನ್ಸಿಗೆ ವಲಸೆ ಸ್ಥಿತಿ ನೋಡಬಾರದು ಅಂತ ಕ್ಯಾಲಿಫೋರ್ನಿಯಾ 2014ರಲ್ಲಿ ಕಾನೂನು ಮಾಡಿತು, ಎಲ್ಲಾ ರಾಜ್ಯದಲ್ಲಿ ಹಾಗಿಲ್ಲ.

ಪಾವಗಡ_ಬಿಸಿಲು
ಕ್ಯಾಂಪಸ್ಸಿಗೇ ಬಂದು ಹಿಡ್ಕೊಂಡು ಹೋದ್ರೆ?

ಮಧುಗಿರಿ_ಏಕಶಿಲೆ
ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳಲ್ಲಿ ಹಿಡಿಯೋದನ್ನ ತಡೆಯೋ ಹಳೇ ನೀತಿಯನ್ನ 2025ರ ಜನವರಿಯಲ್ಲಿ ತೆಗೆದುಹಾಕಿದ್ರು. ಆದ್ರೂ ಹಾಸ್ಟೆಲ್ ರೂಮಿನಂಥ ಖಾಸಗಿ ಜಾಗಕ್ಕೆ ಒಪ್ಪಿಗೆ ಇಲ್ಲದೆ ಬರಬೇಕು ಅಂದ್ರೆ ನ್ಯಾಯಾಧೀಶರ ಸಹಿ ಇರೋ ವಾರಂಟ್ ಬೇಕು. ಐಸ್ ಅಧಿಕಾರಿಯೇ ಸಹಿ ಹಾಕಿರೋ ಐ-200 ಕಾಗದ ಅದಕ್ಕೆ ಸಾಲಲ್ಲ. ಬಾಗಿಲು ತೆಗೆಯೋ ಮುಂಚೆ ಕೆಳಗಡೆಯ ಸಹಿ ನೋಡಬೇಕು. ಕಾಲೇಜಿನಲ್ಲಿರೋ ವಿದ್ಯಾರ್ಥಿ ದಾಖಲೆಗೆ ಫರ್ಪಾ ಕಾನೂನಿನ ರಕ್ಷಣೆ ಇದೆ, ಕೋರ್ಟ್ ಆದೇಶ ಬಂದ್ರೆ ಮಾತ್ರ ಇಲ್ಲ.

ತಮಕ_ಕ್ಯಾಂಪಸ್
ವಾಪಸ್ ಬರೋದಾದ್ರೆ ಇಲ್ಲಿನ ದಾರಿ ನಾನು ಹೇಳ್ತೀನಿ, ಯಾರೂ ಪೂರ್ತಿ ಬರೆದಿಲ್ಲ. ಅಲ್ಲಿಂದ ಹೊರಡೋ ಮುಂಚೆ ಹೈಸ್ಕೂಲ್ ಡಿಪ್ಲೊಮಾ, ನಾಲ್ಕೂ ವರ್ಷದ ಟ್ರಾನ್ಸ್‌ಕ್ರಿಪ್ಟ್ ಎರಡಕ್ಕೂ ಆ ರಾಜ್ಯದ ಅಧಿಕಾರಿಗಳಿಂದ ಅಪೋಸ್ಟಿಲ್ ಮುದ್ರೆ (ಹೊರದೇಶದಲ್ಲೂ ಒಪ್ಪೋ ದೃಢೀಕರಣ) ಹಾಕಿಸಬೇಕು. ಇಲ್ಲಿ ಬಂದ ಮೇಲೆ ಅದನ್ನ ಮಾಡಿಸೋಕೆ ಅಲ್ಲಿ ಯಾರಾದ್ರೂ ಓಡಾಡಬೇಕು. ಆಮೇಲೆ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ ಎಐಯು ಇಂದ 12ನೇ ತರಗತಿಗೆ ಸಮ ಅನ್ನೋ ಪತ್ರ. ಅದನ್ನ ಇಟ್ಕೊಂಡು ಸೇರೋ ವಿಶ್ವವಿದ್ಯಾಲಯದಿಂದ ಅರ್ಹತಾ ಪತ್ರ, ತುಮಕೂರು ವಿವಿ ಆಗಲಿ, ನಮ್ಮ ಬೆಂಗಳೂರು ಉತ್ತರ ವಿವಿ ಆಗಲಿ, ವಿಟಿಯು ಆಗಲಿ.

ಎಂಜಿನಿಯರಿಂಗ್ ಅಂದ್ರೆ ಫಿಸಿಕ್ಸ್, ಮ್ಯಾಥ್ಸ್ ಕಡ್ಡಾಯ, ಮೂರನೆಯದು ಕೆಮಿಸ್ಟ್ರಿಯೋ ಕಂಪ್ಯೂಟರ್ರೋ. ಅಲ್ಲಿನ ಮಕ್ಕಳು ವರ್ಷಕ್ಕೊಂದು ಸೈನ್ಸ್ ತಗೊಂಡಿರ್ತಾರೆ, 11 ಮತ್ತು 12ರಲ್ಲಿ ಫಿಸಿಕ್ಸೇ ಇರಲ್ಲ, ಎಷ್ಟೋ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಈ ಹುಡುಗಿಗೆ ಕೊನೇ ಸೆಮಿಸ್ಟರ್ ಇನ್ನೂ ಇದ್ರೆ ಈಗಲೇ ಫಿಸಿಕ್ಸ್ ಹಾಕಿಸಿ. ಸಿಇಟಿ ಸರ್ಕಾರಿ ಸೀಟ್ ಇಲ್ಲ, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್-ಕೆ ಬರೀಬಹುದು, ಅದಕ್ಕೆ 7 ವರ್ಷದ ಕಲಂ ಇಲ್ಲ. 11, 12 ಎರಡನ್ನೂ ಹೊರದೇಶದಲ್ಲಿ ಓದಿದವರಿಗೆ ಡಾಸಾ ಅಂತ ಬೇರೆ ಬಾಗಿಲಿದೆ, ಜೆಇಇ ಮೇನ್ ರ್‍ಯಾಂಕ್ ಮೇಲೆ ಸುರತ್ಕಲ್ ಎನ್‌ಐಟಿ ಥರದ ಕಡೆ ಸೀಟು, ಫೀಸು ಮಾತ್ರ ಡಾಲರಲ್ಲಿ.

ಮುಳಬಾಗಿಲು_ಗಡಿ
ಕನ್ನಡ ಬರುತ್ತಾ ಆ ಹುಡುಗಿಗೆ? ಡಿಗ್ರಿಯಲ್ಲಿ ಭಾಷಾ ಪೇಪರ್ ಐತೆ.

ತಮಕ_ಕ್ಯಾಂಪಸ್
ಕನ್ನಡ ಓದದವರಿಗೆ ಬಳಕೆ ಕನ್ನಡ ಅಂತ ಬೇರೆ ಪಠ್ಯ ಇದೆ, ಅ ಆ ಇ ಈ ಇಂದ ಶುರು. ಅದೊಂದು ಸಮಸ್ಯೆ ಅಲ್ಲ.

ತಿಪಟೂರು_ಕೊಬ್ಬರಿ
ಎಲ್ಲರಿಗೂ ಧನ್ಯವಾದ. ಆ ಮನೆಗೆ ಕಳಿಸೋಕೆ ಬರ್ಕೊಂಡಿದ್ದೀನಿ: 18ರ ತಾರೀಕು, ಪಾಸ್‌ಪೋರ್ಟ್ ಅವಧಿ, ಐ-94 ಪ್ರತಿ, ಫಿಸಿಕ್ಸ್, ಖಾಸಗಿ ಕಾಲೇಜಿಗೆ ಕೇಳೋ ಪ್ರಶ್ನೆಗಳು. ಇನ್ನೊಂದೇ ಉಳೀತು. ಅಪ್ಪ ಅಮ್ಮ ಅಲ್ಲೇ ಉಳಿದು ಹುಡುಗಿ ಒಬ್ಬಳೇ 18ಕ್ಕೆ ಮುಂಚೆ ಬಂದ್ರೆ, ಇಲ್ಲಿಂದ ಎಫ್-1 ಹಾಕಿ ಮತ್ತೆ ಹೋಗೋಕಾಗುತ್ತಾ?

ಮಧುಗಿರಿ_ಏಕಶಿಲೆ
3 ವರ್ಷ, 10 ವರ್ಷದ ತಡೆ ಅವಳ ಮೇಲಿರಲ್ಲ, ಹಾಗಾಗಿ ಅರ್ಜಿ ಹಾಕೋಕೆ ಅಡ್ಡಿ ಇಲ್ಲ. ಆದ್ರೆ ಸಂದರ್ಶನದಲ್ಲಿ ಅಧಿಕಾರಿಗೆ, ಓದು ಮುಗಿಸಿ ವಾಪಸ್ ಬರ್ತೀನಿ ಅಂತ ನಂಬಿಕೆ ಬರಬೇಕು. ಅಪ್ಪ ಅಮ್ಮ ಅಲ್ಲೇ ಅವಧಿ ಮೀರಿ ಕೂತಿದ್ದಾರೆ ಅಂದ ಮೇಲೆ ಆ ನಂಬಿಕೆ ಬರೋದು ಬಹಳ ಕಷ್ಟ. ಫಾರ್ಮಲ್ಲಿ ಅವರ ಸ್ಥಿತಿ ಕೇಳ್ತಾರೆ, ಸುಳ್ಳು ಬರೆದ್ರೆ ವಂಚನೆ ಅಂತ ಕಾಯಂ ತಡೆ. ನಿಜ ಬರೆದು ಒಂದು ಸಲ ತಿರಸ್ಕಾರ ಆಗೋದು ಅದಕ್ಕಿಂತ ವಾಸಿ. ಇಲ್ಲೇ ಡಿಗ್ರಿ ಮುಗಿಸಿ, ಎಂಎಸ್‌ಗೆ ಅಂತ ಅರ್ಜಿ ಹಾಕಿದ್ರೆ ಕೇಸ್ ಸ್ವಲ್ಪ ಗಟ್ಟಿಯಾಗಿರುತ್ತೆ.

ಶಿರಾ_ಗೇಟ್
ನಾನು ಮೊದಲೇ ಅದನ್ನೇ ಹೇಳಿದ್ದು, ಊರಿಗೆ ಬರ್ಲಿ ಅಂತ.

ಮುಳಬಾಗಿಲು_ಗಡಿ
ನೀವು ಹೇಳಿದ್ದು ಸಿಇಟಿ ಅಂತ, ಶಿರಾ ಅಣ್ಣ.